ಮಾಚೇನಹಳ್ಳಿಯಲ್ಲಿ 13 ಸಾವಿರ, ಕಾಂಟ್ರಾಕ್ಟರ್ ಹತ್ತಿರ 15 ಸಾವಿರ, ಬೆಂಗಳೂರಲ್ಲಿ 21 ಸಾವಿರ. ಯಾವುದಕ್ಕೆ ಸೇರಲಿ?

ಐಟಿಐ ಫಿಟ್ಟರ್ ಮುಗಿಸಿದ್ದೀರಿ, ಅಪ್ಪ ಕೂಲಿ, ಅಮ್ಮ ಅಡಿಕೆ ಸುಲಿಯಲು ಹೋಗುತ್ತಾರೆ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕಂಪನಿಯಲ್ಲಿ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಕಟ್ ಆಗಿ ಕೈಗೆ 13 ಸಾವಿರ ಬರುತ್ತೆ. ಅದೇ ಕೆಲಸಕ್ಕೆ ಕಾಂಟ್ರಾಕ್ಟರ್ ಏನೂ ಕಟ್ ಮಾಡದೆ 15 ಸಾವಿರ ಕೊಡುತ್ತಾನಂತೆ. ಬೆಂಗಳೂರಲ್ಲಿ 21 ಸಾವಿರ. ಯಾವುದು ಲಾಭ ಅಂತ ಕೇಳಿದ್ದೀರಿ. ನನ್ನ ಮುಂದೆಯೂ ಸುಮಾರು ಇದೇ ಲೆಕ್ಕ ಬಂದಿತ್ತು. ಮೊತ್ತ ಕಡಿಮೆ ಇತ್ತು ಅಷ್ಟೇ. ನಾನು ಕಾಂಟ್ರಾಕ್ಟರ್ ಕಡೆ ಹೋದೆ.

ಯಾಕೆ ಹೋದೆ ಅಂದರೆ, ನಮ್ಮದು ಆಯನೂರು ಕಡೆಯ ಕೂಲಿ ಮನೆ. ಅಂಥ ಮನೆಯಲ್ಲಿ ದುಡ್ಡು ಅಂದರೆ ಕೈಗೆ ಬಂದದ್ದು ಮಾತ್ರ. ದೀಪಾವಳಿ ಆಸುಪಾಸಿಗೆ ಅಡಿಕೆ ಗೊನೆ ಕೊಯ್ಲು ಶುರುವಾದರೆ ಅಮ್ಮ ರಾತ್ರಿ ಊಟ ಆದ ಮೇಲೂ ಮೆಟ್ಟುಕತ್ತಿ ಮುಂದೆ ಕೂತಿರುತ್ತಿದ್ದರು. ಕೆಜಿ ಲೆಕ್ಕದ ಕೆಲಸ, ಎಷ್ಟು ಸುಲಿದರೆ ಅಷ್ಟು ದುಡ್ಡು. ಚೊಗರು ಹಿಡಿದು ಬೆರಳೆಲ್ಲ ಕಪ್ಪಾಗಿ, ಉಗುರಿನ ಸಂದಿ ಸೀಳಿ, ಅನ್ನ ಕಲಸುವಾಗ ಸಾರಿನ ಖಾರ ತಾಗಿ ಮುಖ ಹಿಂಡುತ್ತಿದ್ದರು. ಆ ಮೂರು ನಾಲ್ಕು ತಿಂಗಳು ಮನೆ ಚೆನ್ನಾಗಿ ನಡೆಯುತ್ತಿತ್ತು. ಮಳೆಗಾಲಕ್ಕೆ ಏನೂ ಇಲ್ಲ. ಅಂಗಡಿ ಸಾಲ, ಸಂಘದ ಕಂತು, ಮತ್ತೆ ಅಡಿಕೆ ಬಂದಾಗ ತೀರಿಸುವುದು. ಹೀಗೆ ಬೆಳೆದವನಿಗೆ ಸಂಬಳದಲ್ಲಿ ಸಾವಿರ ಚಿಲ್ಲರೆ ಕಟ್ ಮಾಡುತ್ತೇವೆ ಅಂದರೆ ಯಾರೋ ಕಿತ್ತುಕೊಂಡ ಹಾಗೇ ಅನಿಸುತ್ತೆ. ನಿಮಗೂ ಹಾಗೇ ಅನಿಸಿದೆ ಅಂತ ನಿಮ್ಮ ಪ್ರಶ್ನೆಯಲ್ಲೇ ಗೊತ್ತಾಗುತ್ತೆ, '2 ಸಾವಿರ ಸುಮ್ನೆ ಹೋಗುತ್ತೆ' ಅಂತ ಬರೆದಿದ್ದೀರಿ.

ನಾನು ಸೇರಿದ್ದು ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಎರಕ ಹೊಯ್ಯುವ ಫ್ಯಾಕ್ಟರಿಯಲ್ಲಿ, ಹೆಸರು ಬೇಡ. ಮೊದಲ ದಿನ ಕಾಂಟ್ರಾಕ್ಟರ್ ನೋಟ್‌ಬುಕ್ ಹಿಡಿದು ಕೇಳಿದ, 'ಏನಪ್ಪಾ, ಪಿಎಫ್‌ಗೆ ಹಾಕಲಾ, ಪೂರ್ತಿ ಕೈಗೆ ಬೇಕಾ?' ನಾನು 'ಪೂರ್ತಿ ಕೈಗೆ ಕೊಡಿ ಅಣ್ಣಾ' ಅಂದೆ. ಯೋಚನೆ ಮಾಡಲೇ ಇಲ್ಲ. ಹಿಂದೆ ನಿಂತವರೂ ಅದನ್ನೇ ಅಂದರು.

ಫೆಟ್ಲಿಂಗ್ ಸೆಕ್ಷನ್‌ಗೆ ಹಾಕಿದರು. ಅಚ್ಚಿನಿಂದ ಬಂದ ಕಾಸ್ಟಿಂಗ್‌ಗೆ ಅಂಚಿನ ಸುತ್ತ ತೆಳ್ಳಗೆ ಚೂಪಾದ ಲೋಹ ಉಳಿದಿರುತ್ತೆ, ಅದನ್ನು ಗ್ರೈಂಡರ್‌ಗೆ ಹಿಡಿದು ತೆಗೆಯಬೇಕು. ಚಿಕ್ಕ ಪೀಸ್ ಆದರೆ ಕೈಯಲ್ಲೇ ಹಿಡಿಯುತ್ತೇವೆ. ಚಕ್ರಕ್ಕೂ ಪೀಸ್ ಇಡುವ ಪಟ್ಟಿಗೂ ನಡುವೆ ಸಂದು ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಇರಬಾರದು. ಚಕ್ರ ಸವೆದ ಹಾಗೆ ಪಟ್ಟಿಯನ್ನು ಮುಂದಕ್ಕೆ ಸರಿಸುತ್ತಾ ಇರಬೇಕು. ಅದನ್ನು ಯಾರೂ ಸರಿಸಿರಲಿಲ್ಲ. ಒಂದು ಬ್ರಾಕೆಟ್ ಜಾರಿ ಆ ಸಂದಿಗೆ ಹೋಯಿತು, ಗ್ಲೌಸ್ ಸಮೇತ ನನ್ನ ಎಡಗೈಯ ಎರಡು ಬೆರಳೂ ಒಳಗೆ ಸಿಕ್ಕಿಕೊಂಡವು. ಮಧ್ಯದ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಕಾಂಟ್ರಾಕ್ಟರ್ ಕಡೆಯವನು ಒಂದು ನರ್ಸಿಂಗ್ ಹೋಮಿಗೆ ಸೇರಿಸಿ ಮೊದಲ ಬಿಲ್ ಕಟ್ಟಿದ. ಬೆರಳಿಗೆ ಆಪರೇಷನ್ ಬೇಕು ಅಂತ ಡಾಕ್ಟರು ಹೇಳಿದ ಮೇಲೆ ಅವನ ಫೋನ್ ಎತ್ತಲಿಲ್ಲ. ಅಪ್ಪ ಫ್ಯಾಕ್ಟರಿ ಆಫೀಸಿಗೆ ಹೋಗಿ ಕೇಳಿದರೆ 'ನಿಮ್ಮ ಹುಡುಗನ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಇಲ್ಲ' ಅಂದರು. ಕೊನೆಗೆ ಕಾಂಟ್ರಾಕ್ಟರ್ ಸಿಕ್ಕಾಗ 'ಬೇಡ ಅಂದದ್ದು ಅವನೇ ಅಲ್ವಾ' ಅಂದ. ಅಮ್ಮನ ಓಲೆ ಅಡವಿಗೆ ಹೋಯಿತು. ಸಂಘದಲ್ಲಿ ಇನ್ನೊಂದು ಸಾಲ ಎತ್ತಿದರು. ಆ ವರ್ಷ ಅಮ್ಮ ಸುಲಿದ ಅಡಿಕೆಯ ದುಡ್ಡೆಲ್ಲ ಬಡ್ಡಿಗೆ ಹೋಯಿತು. ನಾನು ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಮನೆಯಲ್ಲಿ ಕೂತಿದ್ದೆ, ಒಂದು ರೂಪಾಯಿ ಸಂಬಳ ಇಲ್ಲದೆ.

ಈಗ ಆ 'ಪೂರ್ತಿ ಕೈಗೆ' ಅಂದರೆ ಏನು ಅಂತ ನಿಮ್ಮ ಲೆಕ್ಕದಲ್ಲೇ ಬಿಡಿಸುತ್ತೇನೆ. ಉದ್ದ ಆಗುತ್ತೆ, ಓದಿ. ಇದನ್ನು ಆವಾಗ ಯಾರಾದರೂ ನನಗೆ ಕೂರಿಸಿಕೊಂಡು ಹೇಳಿದ್ದರೆ ಅಂತ ಎಷ್ಟೋ ಸಲ ಅನಿಸಿದೆ.

ಕಂಪನಿಯವರ 13 ಸಾವಿರವೂ ಕಾಂಟ್ರಾಕ್ಟರ್‌ನ 15 ಸಾವಿರವೂ ಮೂಲದಲ್ಲಿ ಒಂದೇ ಸಂಬಳ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 15 ಸಾವಿರ ಅಂತ ಇಟ್ಟುಕೊಳ್ಳಿ. ಪಿಎಫ್ ಶೇ 12, ಅಂದರೆ 1,800 ಕಟ್ ಆಗುತ್ತೆ. ಇಎಸ್‌ಐಗೆ ಶೇ 0.75, ಅಂದರೆ 113. ಕೈಗೆ 13,087. ನೀವು ನೋಡಿದ್ದು ಇಲ್ಲಿಯವರೆಗೆ ಮಾತ್ರ. ಇದರ ಮೇಲೆ ಕಂಪನಿ ತನ್ನ ಜೇಬಿನಿಂದ ಇನ್ನೊಂದು 1,800 ಹಾಕಬೇಕು. ಅದರಲ್ಲಿ 1,250 ಪೆನ್ಷನ್ ಖಾತೆಗೆ, 550 ನಿಮ್ಮ ಪಿಎಫ್‌ಗೆ. ಇಎಸ್‌ಐಗೂ ಕಂಪನಿ ಶೇ 3.25, ಅಂದರೆ 488 ಕಟ್ಟುತ್ತೆ. ನಿಮ್ಮ ಪಿಎಫ್ ಖಾತೆಯಲ್ಲೇ ತಿಂಗಳಿಗೆ 2,350 ಜಮೆ, ವರ್ಷಕ್ಕೆ 28,200, ಬಡ್ಡಿ ಬೇರೆ. ಕಾಂಟ್ರಾಕ್ಟರ್ ಹತ್ತಿರ ಹೋದರೆ ಈ ಯಾವುದೂ ಇಲ್ಲ. ನೀವು 1,913 ಉಳಿಸಿಕೊಂಡೆ ಅಂತ ಖುಷಿ ಪಡುತ್ತೀರಿ, ಅವನು ನಿಮ್ಮ ಹೆಸರಿನಲ್ಲಿ ಕಟ್ಟಬೇಕಾದ 2,288 ಉಳಿಸಿಕೊಳ್ಳುತ್ತಾನೆ. ಲಾಭ ಅವನಿಗೇ.

ದುಡ್ಡಿಗಿಂತ ದೊಡ್ಡದು ಇಎಸ್‌ಐ. ತಿಂಗಳಿಗೆ 113 ರೂಪಾಯಿ. ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಗೆ ನೀವು ದುಡ್ಡು ಕೊಡಬೇಕಾಗಿಲ್ಲ. ವಾಸಿಯಾಗುವವರೆಗೆ ಸಂಬಳದ ಸುಮಾರು ಶೇ 90 ಬರುತ್ತೆ, ಮತ್ತೆ ಇದಕ್ಕೆ ಇಷ್ಟು ದಿನ ಕಟ್ಟಿರಬೇಕು ಅಂತ ಷರತ್ತೂ ಇಲ್ಲ, ಕೆಲಸಕ್ಕೆ ಸೇರಿದ ದಿನದಿಂದಲೇ ಅನ್ವಯ. ಬೆರಳು ಹೀಗೇ ಉಳಿದುಬಿಟ್ಟರೆ, ಎಷ್ಟು ಭಾಗ ಊನ ಅಂತ ನೋಡಿ ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ. ಜ್ವರ, ಟೈಫಾಯಿಡ್ ಬಂದು ಮಲಗಿದರೂ ವರ್ಷಕ್ಕೆ 91 ದಿನದವರೆಗೆ ಶೇ 70 ಸಿಗುತ್ತೆ. ಅದಕ್ಕೆ ಮಾತ್ರ ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ಬಿದ್ದಿರಬೇಕು. ನಿಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಚಿಕಿತ್ಸೆ ಇದೆ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಗೊತ್ತಾಯಿತು. ಇದು 'ಬೇಕಾ, ಬೇಡ್ವಾ' ಅಂತ ಕೇಳುವ ವಿಷಯವೇ ಅಲ್ಲ. 10 ಜನಕ್ಕಿಂತ ಕಡಿಮೆ ಇಲ್ಲದ ಫ್ಯಾಕ್ಟರಿಯಲ್ಲಿ 21 ಸಾವಿರದ ಒಳಗೆ ಸಂಬಳ ಇದ್ದರೆ ಇಎಸ್‌ಐ ಕಡ್ಡಾಯ. ಕಾಂಟ್ರಾಕ್ಟರ್ ಮೂಲಕ ಬಂದವರಿಗೂ ಫ್ಯಾಕ್ಟರಿಯದೇ ಜವಾಬ್ದಾರಿ. 20 ಜನ ಇದ್ದರೆ ಪಿಎಫ್ ಕೂಡ ಬರುತ್ತೆ. ನಾನು ಬೇಡ ಅಂದರೂ ಅವರು ಕಟ್ಟಬೇಕಿತ್ತು. ಅವರು ಕಟ್ಟದೆ ಇದ್ದರೂ ನಾನು ಇಎಸ್‌ಐ ಆಫೀಸಿಗೆ ಹೋಗಿ ಅಪಘಾತ ಆಗಿದೆ ಅಂತ ಬರೆದುಕೊಡಬಹುದಿತ್ತು, ಕಾರ್ಮಿಕ ಇಲಾಖೆಗೆ ಹೋಗಬಹುದಿತ್ತು. 'ನೀನೇ ಬೇಡ ಅಂದೆ' ಅಂದ ತಕ್ಷಣ ನಾವು ಅಪ್ಪ ಮಗ ಇಬ್ಬರೂ ತಲೆ ತಗ್ಗಿಸಿಕೊಂಡು ಬಂದೆವು. ಆ ಒಂದು ಮಾತು ನಮ್ಮನ್ನು ಕಟ್ಟಿಹಾಕಿತು. ನಿಮಗೂ ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ, ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ.

ಕೈ ವಾಸಿಯಾದ ಮೇಲೆ ಊರಲ್ಲಿ ಮುಖ ತೋರಿಸಲು ಬೇಜಾರಾಗಿ ಬೆಂಗಳೂರಿನ ಪೀಣ್ಯಕ್ಕೆ ಹೋದೆ. ದೊಡ್ಡ ಕಂಪನಿ ಏನಲ್ಲ, ಚಿಕ್ಕ ಮಷಿನ್ ಶಾಪ್. ದಾಸರಹಳ್ಳಿಯಲ್ಲಿ ನಾಲ್ಕು ಜನ ಒಂದು ರೂಮು. ಸಂಬಳ ಇಲ್ಲಿಗಿಂತ ಜಾಸ್ತಿ, ಆದರೆ ಬಾಡಿಗೆ, ಊಟ, ಊರಿಗೆ ಬಂದು ಹೋಗುವ ಖರ್ಚು ಕಳೆದರೆ ಮನೆಗೆ ಕಳಿಸಲು ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ. ಅಲ್ಲಿ ನನಗೆ ಸಿಕ್ಕ ದೊಡ್ಡ ವಸ್ತು ಅಂದರೆ ಯುಎಎನ್ ನಂಬರ್, ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ನಂಬರ್ ಅದು. ಮತ್ತೆ ಪ್ರತಿ ತಿಂಗಳು ಪೇ ಸ್ಲಿಪ್. ಸಿಎನ್‌ಸಿ, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಮಷಿನ್, ಕಲಿತೆ. ಆಮೇಲೆ ಮಾಚೇನಹಳ್ಳಿಯಲ್ಲಿ ಕೆಲಸ ಸಿಕ್ಕಾಗ ಆ ಪೇ ಸ್ಲಿಪ್ ನೋಡಿಯೇ ಅನುಭವ ಇದೆ ಅಂತ ಒಪ್ಪಿದರು, ಹೆಲ್ಪರ್ ಆಗಿ ಅಲ್ಲ, ಆಪರೇಟರ್ ಆಗಿ ತೆಗೆದುಕೊಂಡರು. ಪಿಎಫ್ ಅದೇ ನಂಬರಿಗೆ ಮುಂದುವರಿಯಿತು. ಫೌಂಡ್ರಿಯಲ್ಲಿ ಬೆವರು ಸುರಿಸಿದ ಕಾಲಕ್ಕೆ ಮಾತ್ರ ಒಂದು ಚೀಟಿಯೂ ಇಲ್ಲ. ನಾನು ಅಲ್ಲಿ ಇದ್ದೆ ಅಂತ ಹೇಳಲು ಈ ಬೆರಳು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಅದಕ್ಕೇ ಹೇಳುತ್ತೇನೆ, 'ಶಿವಮೊಗ್ಗನಾ ಬೆಂಗಳೂರಾ' ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಿಮ್ಮ ಹೆಸರು ಯಾರ ಪುಸ್ತಕದಲ್ಲಿ ಇರುತ್ತೆ ಅಂತ ಕೇಳಿ. ನಮ್ಮ ಜಿಲ್ಲೆಯಲ್ಲಿ ಕಾಯಂ ಕೆಲಸ ಅಂದರೆ ಒಂದು ಕಾಲದಲ್ಲಿ ಭದ್ರಾವತಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ, ಎರಡರಲ್ಲಿ ಒಂದಕ್ಕೆ ಸೇರಿದರೆ ಮನೆಯೇ ದಡ ಸೇರಿತು ಅನ್ನುತ್ತಿದ್ದರು. ಕಾಗದದ ಕಾರ್ಖಾನೆ ಎಂಪಿಎಂನಲ್ಲಿ 2015ರ ಆಸುಪಾಸಿಗೆ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಅದರ ಮಾಲೀಕ ಕಂಪನಿ ಸೈಲ್ ಹೇಳಿದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಈಗ ಹುಡುಗರಿಗೆ ಉಳಿದಿರುವುದು ಸಣ್ಣ ಫೌಂಡ್ರಿ, ಮಷಿನ್ ಶಾಪ್, ಹುಡುಗಿಯರಿಗೆ ಗಾರ್ಮೆಂಟ್ಸ್, ಶೋರೂಮ್. ಕೆಲಸ ಇಲ್ಲ ಅಂತಲ್ಲ, ಲೆಕ್ಕಕ್ಕೆ ಬರುವ ಕೆಲಸ ಕಡಿಮೆ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಸಂತೋಷ. ಆದರೆ ನಮ್ಮ ಕಡೆಯ ಹುಡುಗ ಇವತ್ತಿಗೂ ವೋಚರ್ ಮೇಲೆ ಸಹಿ ಹಾಕಿ ಸಂಬಳ ತಗೊಳ್ಳುತ್ತಿದ್ದಾನೆ. ಅದು ನನಗೆ ನಿಜಕ್ಕೂ ಸಂಕಟ.

ಪಿಎಫ್ ಶುರುವಾದರೆ ಬಿಪಿಎಲ್ ಕಾರ್ಡ್ ಹೋಗುತ್ತೆ, ಅಮ್ಮನ ಗೃಹಲಕ್ಷ್ಮಿ ಹೋಗುತ್ತೆ ಅಂತ ಯಾರೋ ಹೆದರಿಸಿದ್ದಾರೆ ಅಂತಲೂ ಬರೆದಿದ್ದೀರಿ. ಗೃಹಲಕ್ಷ್ಮಿ ಎಪಿಎಲ್ ಕಾರ್ಡಿನವರಿಗೂ ಇದೆ, ಬಿಪಿಎಲ್ ಹೋದ ಮಾತ್ರಕ್ಕೆ ಅದು ಹೋಗುವುದಿಲ್ಲ. ಆದರೆ ಕಾರ್ಡಿನ ಹೆದರಿಕೆ ಸುಳ್ಳಲ್ಲ, ನಮ್ಮ ಬೀದಿಯಲ್ಲೂ ಇದೆ. ಬಿಪಿಎಲ್ ಕಾರ್ಡಿಗೆ ಮನೆಯ ವರ್ಷದ ಆದಾಯ 1.20 ಲಕ್ಷ ಮೀರಬಾರದು ಅಂತ ಮಿತಿ ಇದೆ. ದಿನಕ್ಕೆ ಹಿಡಿದರೆ 330 ರೂಪಾಯಿಯೂ ಆಗುವುದಿಲ್ಲ. ಮನೆಯಲ್ಲಿ ಒಬ್ಬ ಹುಡುಗ ನೆಟ್ಟಗೆ ದುಡಿದರೆ ಸಾಕು, ಕಾಗದದ ಮೇಲೆ ಆ ಮನೆ ಬಡತನದಿಂದ ಹೊರಗೆ ಬಂದ ಹಾಗೆ. ಈ ಮಿತಿ ಅನ್ಯಾಯ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಕಾರ್ಡ್ ಉಳಿಸಿಕೊಳ್ಳಲು ನಿಮ್ಮ ಹೆಸರನ್ನೇ ಲೆಕ್ಕದಿಂದ ಅಳಿಸಿಕೊಳ್ಳಬೇಡಿ. ಕಾರ್ಡಿನ ಅಕ್ಕಿ ಮನೆಗೆ ಆಧಾರ, ಹೌದು. ಆದರೆ ಒಂದು ಆಪರೇಷನ್ ಬಂದರೆ ಅದು ಎಲ್ಲಿ ಸಾಲುತ್ತೆ? ಯುವನಿಧಿ ನಿರುದ್ಯೋಗ ಭತ್ಯೆ ಬಗ್ಗೆಯೂ ಕೇಳಿದ್ದೀರಿ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲೇ ಅದಕ್ಕೆ ಚಾಲನೆ ಕೊಟ್ಟದ್ದು. ಅದು ಪದವಿ, ಡಿಪ್ಲೊಮಾ ಮುಗಿಸಿದವರಿಗೆ, ಹೆಚ್ಚೆಂದರೆ ಎರಡು ವರ್ಷ. ಐಟಿಐಗೆ ಬರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬೆಂಗಳೂರಿನ 21 ಸಾವಿರದ ಬಗ್ಗೆ ಒಂದು ಮಾತು. ಅದು ಸಿಟಿಸಿನಾ, ಕೈಗೆ ಬರುವುದಾ ಅಂತ ನೀವು ಬರೆದಿಲ್ಲ. ಸಿಟಿಸಿ ಆದರೆ ಕಂಪನಿ ಕಟ್ಟುವ ಪಾಲನ್ನೂ ಅದರಲ್ಲೇ ಸೇರಿಸಿರುತ್ತಾರೆ, ಎರಡೂ ಕಡೆಯದು ಕಳೆದು ಕೈಗೆ ಬರುವುದು ತುಂಬಾ ಕಡಿಮೆ. ಪೂರ್ತಿ 21 ಸಾವಿರ ಕೈಗೆ ಬಂದರೂ, ಪಿಜಿಗೆ ಏಳೆಂಟು ಸಾವಿರ ಕೊಟ್ಟ ಮೇಲೆ ಅದೂ ಮಾಚೇನಹಳ್ಳಿಯ 13 ಸಾವಿರವೂ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಸಂಬಳ 21 ಸಾವಿರ ದಾಟಿದರೆ ಇಎಸ್‌ಐ ಕೂಡ ಬರುವುದಿಲ್ಲ, ಆಗ ಕಂಪನಿ ಬೇರೆ ಇನ್ಶೂರೆನ್ಸ್ ಮಾಡಿಸುತ್ತಾ ಅಂತ ಕೇಳಿ. ಅಲ್ಲಿ ಸಿಎನ್‌ಸಿ ಕಲಿಸುತ್ತಾರೆ ಅಂದರೆ ಹೋಗಿ, ಎರಡು ವರ್ಷ ಇದ್ದು ಕಲಿತು ಬನ್ನಿ. ಬರೀ ಪ್ಯಾಕಿಂಗ್, ಲೋಡಿಂಗ್ ಆದರೆ ಬೇಡ, ಮಾಚೇನಹಳ್ಳಿಗೇ ಸೇರಿ. ಕಾಂಟ್ರಾಕ್ಟರ್ ಹತ್ತಿರ ಮಾತ್ರ ಬೇಡವೇ ಬೇಡ. ಇದರಲ್ಲಿ ನನ್ನ ಹತ್ತಿರ ಎರಡನೇ ಮಾತಿಲ್ಲ.

ಸೇರಿದ ಮೇಲೂ ಸುಮ್ಮನಿರಬೇಡಿ. ಸಂಬಳದಲ್ಲಿ ಕಟ್ ಮಾಡಿ ಖಾತೆಗೆ ಕಟ್ಟದೆ ಇರುವವರೂ ಇದ್ದಾರೆ. ಮೊದಲ ತಿಂಗಳಲ್ಲೇ ಯುಎಎನ್ ಮತ್ತು ಇಎಸ್‌ಐ ನಂಬರ್ ಕೇಳಿ ತಗೊಳ್ಳಿ, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ದುಡ್ಡು ಬಿದ್ದಿದೆಯಾ ನೋಡಿ. ಬಿದ್ದಿಲ್ಲ ಅಂದರೆ ಶಿವಮೊಗ್ಗದಲ್ಲೇ ಪಿಎಫ್ ಆಫೀಸ್ ಇದೆ, ಹೋಗಿ ದೂರು ಬರೆದುಕೊಡಿ. ಇಎಸ್‌ಐ ಕಾರ್ಡಿಗೆ ಅಪ್ಪ ಅಮ್ಮನ ಹೆಸರು ಆಧಾರ್ ಸಮೇತ ಸೇರಿಸಿ, ಇದನ್ನು ಎಷ್ಟೋ ಹುಡುಗರು ಮಾಡುವುದೇ ಇಲ್ಲ, ಆಮೇಲೆ ಆಸ್ಪತ್ರೆ ಬಾಗಿಲಲ್ಲಿ ಪರದಾಡುತ್ತಾರೆ. ಮತ್ತೆ ಗ್ರೈಂಡರ್ ಮೇಲೆ ನಿಲ್ಲಿಸಿದರೆ, ಸ್ವಿಚ್ ಹಾಕುವ ಮೊದಲು ಚಕ್ರಕ್ಕೂ ಪಟ್ಟಿಗೂ ನಡುವಿನ ಸಂದು ನೋಡಿ. ಜಾಸ್ತಿ ಇದ್ದರೆ ಸೂಪರ್‌ವೈಸರ್‌ಗೆ ಹೇಳಿ ಸರಿ ಮಾಡಿಸಿ, ಅವರು ಬೈದರೂ ಪರವಾಗಿಲ್ಲ.

ಎರಡೂ ಕಂಪನಿಯ ಆಫರ್ ಲೆಟರ್ ಕೈಗೆ ಬಂದ ಮೇಲೆ ಬೇಸಿಕ್ ಎಷ್ಟು, ಡಿಎ ಎಷ್ಟು, ಏನೇನು ಕಟ್ ಅಂತ ಇಲ್ಲೇ ಬರೆಯಿರಿ, ಕಂಪನಿ ಹೆಸರು ಬೇಡ. ರಾತ್ರಿ ಶಿಫ್ಟ್ ಇಲ್ಲದ ವಾರ ಕೂತು ಲೆಕ್ಕ ನೋಡಿ ಹೇಳುತ್ತೇನೆ.