ಮಲಗಿರುವ ಪೊಲೀಸಪ್ಪ ಮತ್ತು ನನ್ನ ಅಡಿಬರಹ

ಪತ್ರ: ಕಳೆದ ಸಂಚಿಕೆಯಲ್ಲಿ ಕೆರಿಬಿಯನ್ ದ್ವೀಪಗಳ ಬೋರ್ಡುಗಳ ಫೋಟೊ ಹಾಕಿ, ‘ಗೊತ್ತಿಲ್ಲದೆ ನಗಿಸುವ ಫಲಕಗಳು’ ಎಂದು ಅಡಿಬರಹ ಕೊಟ್ಟಿದ್ದೀರಿ. ಜಮೈಕಾದ ಬೋರ್ಡು ಗೊತ್ತಿದ್ದೇ ಬರೆದದ್ದು ಸ್ವಾಮಿ. ಅವರ ಇಂಗ್ಲಿಷ್ ನೋಡಿ ನಗೋಕೆ ನಾವ್ಯಾರು?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಬೈದಿದ್ದೀರಿ, ಸರಿಯಾಗಿಯೇ ಬೈದಿದ್ದೀರಿ. ಆ ಅಡಿಬರಹ ಬರೆದವನು ನಾನೇ.

‘ಅಂಡರ್‌ಟೇಕರ್ಸ್ ಲವ್ ಓವರ್‌ಟೇಕರ್ಸ್’ ಅನ್ನೋದು ಜಮೈಕಾದ ರಸ್ತೆಬದಿಯ ಎಚ್ಚರಿಕೆ. ಅಂಡರ್‌ಟೇಕರ್ ಅಂದರೆ ಶವಸಂಸ್ಕಾರದ ಏರ್ಪಾಟನ್ನೇ ಕಸುಬು ಮಾಡಿಕೊಂಡವನು. ತಿರುವಿನಲ್ಲಿ ಮುನ್ನುಗ್ಗುವ ಡ್ರೈವರ್ ಕಂಡರೆ ಅವನಿಗೆ ಗಿರಾಕಿ ಕಂಡ ಹಾಗೆ. ಇಷ್ಟು ಸೊಗಸಾಗಿ ಪ್ರಾಸ ಕೂಡಿಸಿದವರಿಗೆ ‘ಗೊತ್ತಿಲ್ಲ’ ಅಂದೆನಲ್ಲ, ತಪ್ಪಾಯಿತು.

ಆದರೆ ನಿಮ್ಮ ಕೊನೆಯ ಮಾತಿಗೆ ಒಂದು ತಕರಾರು. ಅಲ್ಲಿ ನನಗೆ ನಗು ಬಂದದ್ದು ಹೆಚ್ಚಾಗಿ ನನ್ನ ಇಂಗ್ಲಿಷ್ ಸಾಲದೇ ಹೋದಾಗ. ‘ಮುಂದೆ ಮಲಗಿರುವ ಪೊಲೀಸ್’ ಅನ್ನೋ ಬೋರ್ಡನ್ನೇ ನೋಡಿ. ನಾನು ಪೊಲೀಸಪ್ಪನನ್ನು ಹುಡುಕುತ್ತಿದ್ದೆ, ಕಾರು ಧಡಕ್ಕಂತ ಎಗರಿತು. ‘ಸ್ಲೀಪಿಂಗ್ ಪೊಲೀಸ್‌ಮನ್’ ಅಂದರೆ ಹಂಪ್! ಬ್ರಿಟಿಷರ ಬಾಯಲ್ಲೂ ಇರುವ ಮಾತು. ಅವರ ಆಳ್ವಿಕೆ ನಮಗೂ ಇತ್ತು, ಜಮೈಕಾಕ್ಕೂ ಇತ್ತು. ಹಂಪ್ ನಮ್ಮ ಪಾಲಿಗೆ ಬಂತು, ಪೊಲೀಸಪ್ಪ ಅವರ ಪಾಲಿಗೆ.

ಟ್ರಿನಿಡಾಡ್‌ನಲ್ಲಿ ಇನ್ನೂ ಮಜಾ. ಒಂದು ಅಂಗಡಿಯ ಮುಂದೆ ‘ನೋ ಲೈಮಿಂಗ್’ ಅಂತ ಬರೆದಿತ್ತು. ಲೈಮ್ ಅಂದರೆ ಸುಣ್ಣ, ಅಲ್ವಾ? ಗೋಡೆಗೆ ಸುಣ್ಣ ಬಳಿಯೋದಕ್ಕೂ ಇಲ್ಲಿ ನಿಷೇಧವೇ ಅಂದುಕೊಂಡೆ. ಆಮೇಲೆ ನಿಂಬೆಹಣ್ಣು ನೆನಪಾಯಿತು, ಅದೂ ಕೂಡಲಿಲ್ಲ. ಅಲ್ಲಿ ಲೈಮಿಂಗ್ ಅಂದರೆ ನಾಲ್ಕು ಜನ ಸೇರಿ, ಏನೂ ಕೆಲಸವಿಲ್ಲದೆ, ತಿಂದು ಕುಡಿದು ಹರಟೆ ಹೊಡೆಯುವುದು. ನಮ್ಮ ಊರಿನ ಅರಳಿಕಟ್ಟೆಯ ಕೆಲಸ. ಅಂಗಡಿಯವರು ಹೇಳಿದ್ದು ಇಷ್ಟೇ: ಸಾಮಾನು ತಗೊಳ್ಳಿ, ಸುಮ್ನೆ ಇಲ್ಲೇ ಠಿಕಾಣಿ ಹೂಡಬೇಡಿ.

ಜಮೈಕಾದಲ್ಲಿ ವೇಟ್-ಎ-ಬಿಟ್ ಅಂತ ಒಂದು ಊರಿದೆ, ಟ್ರೆಲಾನಿ ಪ್ರಾಂತದಲ್ಲಿ. ಅಲ್ಲಿನ ಠಾಣೆಯ ಬೋರ್ಡು: ‘ವೇಟ್-ಎ-ಬಿಟ್ ಪೊಲೀಸ್ ಸ್ಟೇಷನ್’. ಸ್ವಲ್ಪ ತಡಿ ಪೊಲೀಸ್ ಠಾಣೆ! ದೂರು ಕೊಡಲು ಹೋಗಿ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂತವರು ಇದಕ್ಕೆ ನಗದೆ ಇರುತ್ತಾರೆಯೇ? ಅದೇ ಪ್ರಾಂತದಲ್ಲಿ ‘ಮಿ-ನೋ-ಸೆನ್-ಯು-ನೋ-ಕಮ್’ ಅನ್ನೋ ಜಾಗವೂ ಇದೆ. ನಾನು ಕರೆದಿಲ್ಲ, ನೀನು ಬರಬೇಡ ಅಂತ ಅರ್ಥ. ಮೊದಲು ನಕ್ಕೆ. ಒಡೆಯರಿಂದ ತಪ್ಪಿಸಿಕೊಂಡು ಓಡಿಬಂದ ಗುಲಾಮರು ಗುಡ್ಡಗಳ ನಡುವೆ ಕಟ್ಟಿಕೊಂಡ ಹಳ್ಳಿ ಅದು ಅಂತ ತಿಳಿದ ಮೇಲೆ ನಗು ಅಲ್ಲೇ ನಿಂತಿತು. ಆ ಫೋಟೊ ನಾವು ಹಾಕಲಿಲ್ಲ.

ಲಿಟಲ್ ಕೇಮನ್ ದ್ವೀಪದ ‘ಇಗ್ವಾನಾಗಳಿಗೆ ಮೊದಲು ದಾರಿ’ ಫಲಕವೂ ತಮಾಷೆಯದಲ್ಲ. ನಮ್ಮ ಉಡದಂಥ ಆ ಪ್ರಾಣಿಗಳು ರಸ್ತೆಯಲ್ಲೇ ಬಿಸಿಲು ಕಾಯಿಸುತ್ತವೆ, ಕಾರಿಗೆ ಸಿಕ್ಕಿ ಸಾಯುತ್ತವೆ.

ನಗಬೇಕಾದದ್ದು ಸಿಂಟ್ ಮಾರ್ಟನ್‌ನ ಮಾಹೋ ಕಡಲತೀರದಲ್ಲಿ, ಅದೂ ಬೋರ್ಡನ್ನು ನೋಡಿ ಅಲ್ಲ, ಜನರನ್ನು ನೋಡಿ. ರನ್‌ವೇ ಬೇಲಿಯ ಪಕ್ಕದಲ್ಲೇ ಮರಳು. ವಿಮಾನದ ಗಾಳಿ ನಿಮ್ಮನ್ನು ಎತ್ತಿ ಎಸೆದೀತು, ಸತ್ತೀರಿ ಅಂತ ಫಲಕ ಹೇಳುತ್ತದೆ. 2017ರಲ್ಲಿ ಪ್ರವಾಸಿಯೊಬ್ಬರು ಹಾಗೆಯೇ ಸತ್ತರು. ಆದರೂ ಜನ ಆ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ನೇರ ಹೋಗಿ ಬೇಲಿ ಹಿಡಿದುಕೊಳ್ಳುತ್ತಾರೆ.

ನೀವು ಪತ್ರದ ಜೊತೆ ಕಳಿಸಿದ ಮೂರು ಫೋಟೊ ಮುಂದಿನ ಸಂಚಿಕೆಗೆ ತೆಗೆದಿಟ್ಟಿದ್ದೇನೆ. ಅಡಿಬರಹ ಮಾತ್ರ ನೀವೇ ಬರೆದು ಕಳಿಸಿ.