ರೂಮ್ ಬದಲಿಸಿಕೊಡಿ ಮೇಡಂ

ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮಹಿಳಾ ಕಾಲೇಜಿನ ಹಾಸ್ಟೆಲ್, ಇಬ್ಬರಿಗೊಂದು ರೂಮು. ಇಬ್ಬರೂ ಮೊದಲ ವರ್ಷದವರು. ಮೊದಲು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಹೆಸರು ಬೇಡ. ಒಬ್ಬಳನ್ನು ಕಿಟಕಿ ಮಂಚದವಳು, ಇನ್ನೊಬ್ಬಳನ್ನು ಬಾಗಿಲ ಮಂಚದವಳು ಅನ್ನೋಣ.

ನನ್ನ ಹತ್ತಿರ ಬಂದವಳು ಕಿಟಕಿ ಮಂಚದವಳು. "ರೂಮ್ ಬದಲಿಸಿಕೊಡಿ ಮೇಡಂ, ಅವಳಿಗೆ ನನ್ನ ಮೇಲೆ ಸ್ವಲ್ಪವೂ ಮರ್ಯಾದೆ ಇಲ್ಲ" ಎಂದಳು. ಮರ್ಯಾದೆಯ ವಿಷಯ ಆಮೇಲೆ ನೋಡೋಣ, ನಿನ್ನೆ ಊಟ ಆದಮೇಲಿಂದ ಬೆಳಗಿನವರೆಗೆ ರೂಮಿನಲ್ಲಿ ಏನೇನಾಯ್ತು ಹೇಳು ಎಂದೆ. ಆಗ ಒಂದೊಂದೇ ಹೊರಬಂತು. ರಾತ್ರಿ ಒಂದರವರೆಗೆ ಲೈಟ್. ಇಯರ್‌ಫೋನ್ ಇಲ್ಲದೆ ಮನೆಯವರ ಜೊತೆ ವಿಡಿಯೊ ಕಾಲ್. ಪಕ್ಕದ ರೂಮಿನ ಹುಡುಗಿಯರು ಬಂದು ಇವಳ ಹಾಸಿಗೆ ಮೇಲೇ ಕೂರುತ್ತಾರೆ. ಶಾಂಪೂ, ಚಾರ್ಜರ್ ಕೇಳದೆ ತೆಗೆದುಕೊಳ್ಳುತ್ತಾಳೆ. ಇವಳಿಗೋ ನಸುಕಿನಲ್ಲೇ ಎದ್ದು ಓದುವ ಅಭ್ಯಾಸ. ನಿದ್ದೆ ನಾಲ್ಕೈದು ಗಂಟೆಗೆ ಇಳಿದಿತ್ತು. ಕ್ಲಾಸಿನಲ್ಲಿ ತೂಕಡಿಕೆ, ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ.

"ಇದನ್ನೆಲ್ಲ ಅವಳಿಗೆ ಹೇಳಿದ್ದೀಯಾ?"

"ಹೇಳೋದೇನಿದೆ ಮೇಡಂ, ಅಷ್ಟೂ ಗೊತ್ತಾಗಲ್ವಾ?"

ಗೊತ್ತಾಗುವುದಿಲ್ಲ. ಹಾಸ್ಟೆಲ್ ಜಗಳಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಬಾಗಿಲು ದಡಾರನೆ ಹಾಕಿದ್ದಳು, ಮುಸುಕಿನೊಳಗಿಂದ ನಿಟ್ಟುಸಿರು ಬಿಟ್ಟಿದ್ದಳು, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಚುಚ್ಚಿದ್ದಳು. ಆ ಸ್ಟೇಟಸ್ ಯಾರಿಗೆ ಅನ್ನುವುದು ಇಡೀ ಕಾರಿಡಾರಿಗೆ ಗೊತ್ತಿತ್ತು, ಬಾಗಿಲ ಮಂಚದವಳೊಬ್ಬಳನ್ನು ಬಿಟ್ಟು.

ಮುಂದೆ ಹೋಗುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಹೊಡೆತ ಇದೆಯಾ? ಬೆದರಿಕೆ? ಕಳ್ಳತನ? ಒಪ್ಪಿಗೆ ಇಲ್ಲದೆ ಫೋಟೊ ತೆಗೆಯುವುದು? ಧರ್ಮ, ಮೈಬಣ್ಣ, ಮನೆಯ ಬಡತನ ಎತ್ತಿ ಹೀಯಾಳಿಸುವುದು? ಇವುಗಳಲ್ಲಿ ಒಂದಿದ್ದರೂ ಹೊಂದಾಣಿಕೆಯ ಮಾತು ಎತ್ತಬಾರದು. ಅವತ್ತೇ ರೂಮ್ ಬದಲಾಗಬೇಕು, ದೂರು ಬರಹದಲ್ಲಿ ಹೋಗಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಬಾಗಿಲ ಮಂಚದವಳನ್ನು ಬೇರೆಯಾಗಿ ಕರೆಸಿದೆ. ಮನೆ ಬಿಟ್ಟು ಇದ್ದದ್ದು ಇದೇ ಮೊದಲು. ರಾತ್ರಿಯಾದರೆ ಅಳು ಬರುತ್ತದೆ, ಅದಕ್ಕೇ ಕಾಲ್. "ಅವಳು ನನ್ನ ಜೊತೆ ಮಾತೇ ಆಡಲ್ಲ ಮೇಡಂ. ಅದಕ್ಕೆ ಪಕ್ಕದ ರೂಮಿನವರನ್ನು ಕರೀತೀನಿ" ಎಂದಳು. ಇವಳ ಗದ್ದಲಕ್ಕೆ ಅವಳು ಮಾತು ಬಿಟ್ಟಿದ್ದಳು, ಅವಳು ಮಾತು ಬಿಟ್ಟಳೆಂದು ಇವಳ ಗದ್ದಲ ಇನ್ನೂ ಜಾಸ್ತಿಯಾಗಿತ್ತು.

ಇನ್ನೊಂದು ಮಾತೂ ಹೇಳಿದಳು. ಇಬ್ಬರ ಮುಟ್ಟೂ ಈಗ ಒಂದೇ ಸಮಯಕ್ಕೆ ಬರುತ್ತಿದೆಯಂತೆ, ಅದಕ್ಕೇ ಇಷ್ಟು ಸಿಡುಕಂತೆ. ಹಾಸ್ಟೆಲ್‌ಗಳಲ್ಲಿ ಈ ನಂಬಿಕೆ ಗಟ್ಟಿ. 1971ರಲ್ಲಿ ಮಾರ್ಥಾ ಮೆಕ್‌ಕ್ಲಿಂಟಾಕ್ ಎಂಬ ಸಂಶೋಧಕಿ ಅಮೆರಿಕದ ಒಂದು ಮಹಿಳಾ ಕಾಲೇಜಿನ ಹಾಸ್ಟೆಲಿನಲ್ಲಿದ್ದ 135 ಹುಡುಗಿಯರ ಬಗ್ಗೆ ಪ್ರಕಟಿಸಿದ ಅಧ್ಯಯನದಿಂದ ಇದು ಹಬ್ಬಿತು. ಆದರೆ 2006ರಲ್ಲಿ ಪ್ರಕಟವಾದ, ಚೀನಾದ ಹಾಸ್ಟೆಲ್‌ಗಳ 186 ಹುಡುಗಿಯರ ಅಧ್ಯಯನದಲ್ಲಿ ಅಂಥದ್ದು ಕಾಣಲಿಲ್ಲ. ಒಬ್ಬೊಬ್ಬರ ಚಕ್ರ ಒಂದೊಂದು ಉದ್ದ, ಆಗಾಗ ದಿನಗಳು ಕೂಡಿಬರುವುದು ಸಹಜ. ಸಿಡುಕಿಗೆ ನಿದ್ದೆ ಇಲ್ಲದಿರುವುದೇ ಸಾಕು. 18ರಿಂದ 25ರ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ಹಲವರಿಗೆ ನಿದ್ದೆ ಬರುವುದೇ ತಡ, ಹಾಗಾಗಿ ತಡವಾಗಿ ಮಲಗುವವಳನ್ನು ಸೋಮಾರಿ ಅನ್ನುವುದೂ ತಪ್ಪು.

ಕಿಟಕಿ ಮಂಚದವಳಿಗೆ ನಾನು ಹೇಳಿದ್ದು ಇಷ್ಟು. ಮಾತಾಡು, ಆದರೆ ರಾತ್ರಿ ಒಂದಕ್ಕೆ ಬೇಡ. ಹಗಲಲ್ಲಿ, ಇಬ್ಬರ ಹೊಟ್ಟೆಯೂ ತುಂಬಿರುವಾಗ ಮಾತಾಡು. "ನೀನು ಯಾವಾಗಲೂ ಹೀಗೇ" ಅಂತ ಶುರು ಮಾಡಬೇಡ. "ಹನ್ನೊಂದಾದ ಮೇಲೆ ಲೈಟ್ ಇದ್ದರೆ ನನಗೆ ನಿದ್ದೆ ಬರಲ್ಲ, ಟೇಬಲ್ ಲ್ಯಾಂಪ್ ಹಾಕ್ಕೊಳ್ತೀಯಾ?" ಅನ್ನು. ನಿನ್ನಿಂದ ಅವಳಿಗೇನು ತೊಂದರೆ ಅಂತಲೂ ಕೇಳು. ಕೇಳಿದಳು. ನಸುಕಿನ ಅಲಾರಂ ಐದೈದು ಸಲ ಬಡಿದುಕೊಳ್ಳುತ್ತದೆ, ಏಳಬೇಕಾದವಳು ಏಳುವುದಿಲ್ಲ, ಎಚ್ಚರವಾಗುವುದು ನನಗೇ ಎಂಬ ಉತ್ತರ ಬಂತು. ಇವಳಿಗೆ ಆ ಸುದ್ದಿಯೇ ಗೊತ್ತಿರಲಿಲ್ಲ.

ಬಾಗಿಲ ಮಂಚದವಳಿಗೆ, ಕಾಲ್ ಸಂಜೆಗೆ ತಾ, ಕಾರಿಡಾರಿನಲ್ಲಿ ಮಾತಾಡು ಎಂದೆ. ಮನೆಯ ನೆನಪಿನ ಸಂಕಟ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ಊಟ ಸೇರದಿದ್ದರೆ, ಕ್ಲಾಸಿಗೆ ಹೋಗಲು ಮನಸ್ಸೇ ಬಾರದಿದ್ದರೆ ಕಾಯದೆ ಬಾ ಎಂದೆ.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕಾಗದ ಕೊಟ್ಟೆ. ಉತ್ಸಾಹದಲ್ಲಿ ಪುಟಗಟ್ಟಲೆ ನಿಯಮ ಬರೆಯಲು ಹೊರಟರು. ನಾನು ತಡೆದೆ. ಲೈಟು, ಕಾಲ್, ಅಲಾರಂ, ಹೊರಗಿನವರು ಬಂದರೆ ಎಲ್ಲಿ ಕೂರಬೇಕು, ಈ ನಾಲ್ಕೇ ಸಾಕು. ಎರಡು ವಾರ ಬಿಟ್ಟು ಮತ್ತೆ ನೋಡಿ, ಆಗದ್ದನ್ನು ತಿದ್ದಿ. ಗೆಳತಿಯರಾಗಲೇಬೇಕು ಅಂತ ಯಾರೂ ಹೇಳಿಲ್ಲ ಎಂದದ್ದಕ್ಕೆ ಇಬ್ಬರ ಮುಖವೂ ಹಗುರಾಯಿತು. ರೂಮ್‌ಮೇಟ್ ಅಂದರೆ ಜೀವದ ಗೆಳತಿ ಅನ್ನುವ ಆಸೆಯೇ ಎಷ್ಟೋ ರೂಮುಗಳನ್ನು ಕೆಡಿಸುತ್ತದೆ.

ಲೈಟು, ಕಾಲ್ ಸರಿಹೋದವು. ಅಲಾರಂ ಒಂದೇ ಸಲಕ್ಕೆ ನಿಲ್ಲುತ್ತಿದೆ. ಶಾಂಪೂ ಮಾತ್ರ ಇನ್ನೂ ಖಾಲಿಯಾಗುತ್ತಿತ್ತು, ಕಪಾಟಿಗೆ ಬೀಗ ಬಿತ್ತು. ಊಟಕ್ಕೆ ಬೇರೆ ಬೇರೆ ಗುಂಪಿನಲ್ಲಿ ಕೂರುತ್ತಾರೆ, ಮಾತಾಡುತ್ತಾರೆ. ಎರಡನೇ ವರ್ಷಕ್ಕೆ ಬೇಗ ಏಳುವವಳ ಜೊತೆ ರೂಮ್ ಬೇಕು ಎಂದು ಕಿಟಕಿ ಮಂಚದವಳು ಅರ್ಜಿ ಕೊಟ್ಟಿದ್ದಾಳೆ, ನಾನೂ ಬೆಂಬಲಿಸಿ ಬರೆದಿದ್ದೇನೆ. ಹೊಸಬರ ಫಾರಂನಲ್ಲಿ ಹವ್ಯಾಸ ಕೇಳುವ ಜಾಗದಲ್ಲಿ, ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಕೇಳಿ ಅಂತ ವಾರ್ಡನ್‌ಗೂ ಹೇಳಿದ್ದೇನೆ.