ಕಳಿಸದೇ ಉಳಿದ ಮೆಸೇಜು

ಇವರನ್ನು ಸುಮನಾ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು ಮೂವತ್ತೈದರ ಆಸುಪಾಸು, ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. 2020ರ ಲಾಕ್‌ಡೌನಿನಲ್ಲಿ ತೀರ್ಥಹಳ್ಳಿ ಕಡೆಯ ಗಂಡನ ಮನೆಗೆ ಬಂದವರು ಅಲ್ಲೇ ಉಳಿದುಬಿಟ್ಟರು. ಮಂಡಗದ್ದೆ ದಾಟಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಆಪ್ತಸಲಹೆಗೆಂದು ನನ್ನ ಹತ್ತಿರ ಬಂದಾಗ ಹೇಳಿಕೊಂಡಿದ್ದು ನಿದ್ದೆಯ ತೊಂದರೆ.

ಮಾತಾಡಿಸುತ್ತ ಹೋದರೆ ಚಿಂತೆಯ ಬೇರು ಬೇರೆ ಕಡೆ ಇತ್ತು. ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಎಂದು ಕಂಪನಿ ಹೇಳತೊಡಗಿತ್ತು. ಮಗುವಿನ ಶಾಲೆ, ಮಾವನ ಆರೋಗ್ಯ, ತೋಟ ಎಲ್ಲ ಬಿಟ್ಟು ಹೋಗುವ ಹಾಗಿಲ್ಲ. "ಈ ಕೆಲಸ ಹೋದ್ರೆ ನಂಗೆ ಇನ್ನೊಂದು ಕಡೆ ಹೇಳೋರು ಒಬ್ರೂ ಇಲ್ಲ ಮೇಡಂ" ಎಂದರು. ಮಗು ಮಲಗಿದ ಮೇಲೆ ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್ ತೆಗೆದು, ತಮ್ಮ ಜೊತೆಗೇ ಕೆಲಸಕ್ಕೆ ಸೇರಿದವರ ಬಡ್ತಿ ಸುದ್ದಿಗಳನ್ನು ನೋಡುತ್ತ ಕೂರುತ್ತಿದ್ದರಂತೆ. ಹೀಗಾದರೆ ನಿದ್ದೆ ಎಲ್ಲಿಂದ ಬರಬೇಕು?

ಅತ್ತೆಯ ಲೆಕ್ಕದಲ್ಲಿ ಸೊಸೆ "ಮನೇಲೇ ಇರ್ತಾಳಲ್ಲ". ಟೀಮಿನವರಿಗೋ ಆಕೆ ಮೀಟಿಂಗಿನಲ್ಲಿ ಕಾಣುವ ಒಂದು ಕಪ್ಪು ಚೌಕ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಇದ್ದಾಗಲೂ ವಿಡಿಯೊ ತಡೆಯುವುದಿಲ್ಲ. ಕಾರಣ ಹೇಳಿದರೆ ಹಳ್ಳಿಯಲ್ಲಿರುವುದು ಎದ್ದು ಕಾಣುತ್ತದೆ ಎಂದು ಹೇಳಿಯೇ ಇರಲಿಲ್ಲ. ಪ್ರೊಫೈಲಿನಲ್ಲಿ ಊರು ಇನ್ನೂ ಬೆಂಗಳೂರು.

ಖಿನ್ನತೆಯ ಲಕ್ಷಣಗಳಿವೆಯೇ ಎಂದು ಮೊದಲು ನೋಡಿದೆ. ಊಟ, ಉತ್ಸಾಹ ತೀರಾ ಕುಗ್ಗಿರಲಿಲ್ಲ, ಜೀವದ ಬಗ್ಗೆ ಕೆಟ್ಟ ಯೋಚನೆಗಳೂ ಇರಲಿಲ್ಲ. ಆದರೂ ರಾತ್ರಿ ಹೊತ್ತು ತೀರಾ ಕಷ್ಟವಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಬರೆದುಕೊಟ್ಟೆ.

ಎರಡನೇ ಭೇಟಿಯಲ್ಲಿ ಫೋನ್ ತೆಗೆದು ಒಂದು ಮೆಸೇಜು ತೋರಿಸಿದರು. ಹಳೆಯ ಸಹೋದ್ಯೋಗಿಗೆ ಬರೆದು ಕಳಿಸದೇ ಇಟ್ಟದ್ದು: "ನಮಸ್ತೆ, ನೆನಪಿದೀನೋ ಇಲ್ವೋ ಗೊತ್ತಿಲ್ಲ, ಡಿಸ್ಟರ್ಬ್ ಮಾಡ್ತಿದೀನಿ, ಸಾರಿ. ನಿಮ್ಮ ಕಂಪನೀಲಿ ಏನಾದ್ರೂ ಇದ್ರೆ ಹೇಳ್ತೀರಾ? ಬ್ಯುಸಿ ಇದ್ರೆ ಪರ್ವಾಗಿಲ್ಲ, ಸಾರಿ." ಎರಡು ಸಲ ಸಾರಿ. ಮಾಡಿದ ತಪ್ಪೇನು ಎಂದು ಕೇಳಿದೆ. "ಬೇಡ್ದಂಗೆ ಅನ್ಸತ್ತೆ ಮೇಡಂ."

ನಿಮ್ಮನೇಲಿ ಅಡಿಕೆ ಸುಲಿಯೋಕೆ ಆಳು ಸಿಗದಿದ್ದಾಗ ಏನು ಮಾಡ್ತೀರಿ ಎಂದೆ. ಮುಯ್ಯಾಳು ಎಂದರು. ಇವತ್ತು ಅವರು ಇವರ ಮನೆಗೆ ಬಂದರೆ ನಾಳೆ ಇವರು ಅವರ ಮನೆಗೆ. ಕರೆಯುವಾಗ ಮಾವ ಸಾರಿ ಕೇಳ್ತಾರಾ ಎಂದಾಗ ನಕ್ಕರು. ಅಲ್ಲಿಯ ತನಕ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅಲ್ಲೇ ಕೂತು ಮೆಸೇಜನ್ನು ತಿದ್ದಿದೆವು: "ನಮಸ್ತೆ, ನಾನು ಸುಮನಾ. ಪೇಮೆಂಟ್ ಆ್ಯಪ್ ಟೀಮಿನಲ್ಲಿ ಒಟ್ಟಿಗಿದ್ದೆವು. ಈಗ ತೀರ್ಥಹಳ್ಳಿಯಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮಲ್ಲಿ ಮನೆಯಿಂದಲೇ ಕೆಲಸ ಮಾಡುವ ಟೆಸ್ಟರ್‌ಗಳಿದ್ದಾರಾ? ಹದಿನೈದು ನಿಮಿಷ ಮಾತಾಡಬಹುದಾ?" ಕೆಲಸ ಕೊಡಿಸಿ ಎಂಬ ಮಾತೇ ಇಲ್ಲ. ಉತ್ತರಿಸುವುದು ಸುಲಭವಾದರೆ ಜನ ಉತ್ತರಿಸುತ್ತಾರೆ.

ಯಾರಿಗೆ ಬರೆಯುವುದು? ಗೆಳತಿಯರಿಗೆ ಎಂದು ಅವರು, ಅರ್ಧ ಮರೆತವರಿಗೆ ಎಂದು ನಾನು. ಕೆಲಸದ ಸುದ್ದಿ ಆಪ್ತರಿಗಿಂತ ಬರೀ ಪರಿಚಯದವರಿಂದಲೇ ಹೆಚ್ಚು ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದಲ್ಲ. 2022ರಲ್ಲಿ ಪ್ರಕಟವಾದ, ಸುಮಾರು ಎರಡು ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದ ಅಧ್ಯಯನದಲ್ಲೂ ಹೆಚ್ಚು ನೆರವಾದದ್ದು ತೀರಾ ಹತ್ತಿರವೂ ಅಲ್ಲದ, ತೀರಾ ದೂರವೂ ಅಲ್ಲದ ನಡುವಿನ ಪರಿಚಯಗಳೇ. ಹಾಗಾಗಿ ವಾರಕ್ಕೆ ಇಬ್ಬರು ಸಾಕು ಎಂದೆ. ದಿನಾ ಪೋಸ್ಟ್ ಹಾಕಿ, ನಿಮ್ಮನ್ನೇ ಬ್ರ್ಯಾಂಡ್ ಮಾಡಿಕೊಳ್ಳಿ ಎನ್ನುವ ಉಪದೇಶ ನನಗೆ ಹಿಡಿಸುವುದಿಲ್ಲ, ಇಂಥ ಸಂಕೋಚದ ಸ್ವಭಾವದವರಿಗಂತೂ ಅದು ಇನ್ನೊಂದು ಹೊರೆ.

ಆದರೆ ಗೊತ್ತಿರುವುದನ್ನು ಹೇಳಬಾರದು ಅಂತಲ್ಲ. ಕನ್ನಡದ ರಸೀದಿಯನ್ನು ಪಿಡಿಎಫ್ ಮಾಡಿದಾಗ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುವ ದೋಷವನ್ನು ಹಿಡಿದ ಕಥೆಯನ್ನು ಮಾತಿನ ನಡುವೆ ಹೇಳಿದ್ದರು. ಫಾಂಟ್ ಸರಿಯಿದ್ದರೂ ಅಕ್ಷರ ಜೋಡಿಸುವ ತಂತ್ರಾಂಶ ಕೈಕೊಟ್ಟರೆ ಹಾಗಾಗುತ್ತದಂತೆ. ಕಂಪನಿಯ ಒಳವಿಷಯ ಬಿಟ್ಟು ಇದನ್ನೇ ಲಿಂಕ್ಡ್‌ಇನ್‌ನಲ್ಲಿ ಬರೆಯಿರಿ ಎಂದೆ.

ಊರಿನ ವಿಷಯದಲ್ಲಿ ಸ್ವಲ್ಪ ಜಗ್ಗಾಟವಾಯಿತು. ತೀರ್ಥಹಳ್ಳಿ ಎಂದು ಬರೆದರೆ ಯಾರೂ ಕರೆಯುವುದಿಲ್ಲ ಎಂಬ ಭಯ. ಕೆಲವರು ಕರೆಯದೇ ಇರಬಹುದು, ನಿಜ. ಆದರೆ ಮೂರನೇ ಸುತ್ತಿನ ಸಂದರ್ಶನದಲ್ಲಿ ಅದು ಗೊತ್ತಾಗಿ ಬಾಗಿಲು ಮುಚ್ಚುವುದಕ್ಕಿಂತ ಮೊದಲೇ ಗೊತ್ತಾಗುವುದು ಮೇಲು. ಈಗಿನ ಮ್ಯಾನೇಜರಿಗೂ ಹೇಳಿಬಿಡಿ ಎಂದೆ: ಮಳೆಗಾಲದಲ್ಲಿ ಲೈನ್ ಹೋಗುತ್ತದೆ, ಹೋದರೆ ಫೋನ್ ಮಾಡಿ ತಿಳಿಸುತ್ತೇನೆ, ಆ ದಿನದ ವರದಿ ರಾತ್ರಿಯೊಳಗೆ ಕಳಿಸುತ್ತೇನೆ.

ಕೆಲಸ ಹುಡುಕುತ್ತಿದ್ದೇನೆ ಎಂಬ ಸೂಚನೆಯನ್ನು ನೇಮಕಾತಿಯವರಿಗಷ್ಟೇ ಕಾಣುವಂತೆ ಇಡಬಹುದು, ಆದರೂ ಸ್ವಂತ ಕಂಪನಿಗೆ ಗೊತ್ತಾಗುವುದೇ ಇಲ್ಲ ಎಂಬ ಖಾತ್ರಿಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ. ಕೆಲಸ ಕೊಡಿಸುತ್ತೇವೆ, ಟೆಲಿಗ್ರಾಮಿಗೆ ಬನ್ನಿ, ನೋಂದಣಿ ಶುಲ್ಕ ಕಟ್ಟಿ ಎನ್ನುವವರಿಗೆ ಉತ್ತರವನ್ನೇ ಕೊಡಬೇಡಿ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದೂ ಹೇಳಿದೆ.

ಒಂಟಿತನ ಬೇರೆ ಸಮಸ್ಯೆ. ಆನ್‌ಲೈನ್ ಪರಿಚಯದಿಂದ ಅದು ನೀಗುತ್ತದೆ ಎಂದು ನಾನು ಹೇಳಲಿಲ್ಲ. ತಾಲ್ಲೂಕಿನಲ್ಲೇ ಮನೆಯಿಂದ ಕೆಲಸ ಮಾಡುವ ಇನ್ನಿಬ್ಬರನ್ನು ಸುಮನಾ ಬಲ್ಲರು. ತಿಂಗಳಿಗೊಮ್ಮೆ ತೀರ್ಥಹಳ್ಳಿ ಪೇಟೆಯಲ್ಲಿ ಅವರ ಜೊತೆ ಕಾಫಿ, ಅಷ್ಟೇ ಸಲಹೆ.

ಸುಮನಾ ಈಗಲೂ ಅದೇ ಕಂಪನಿಯಲ್ಲಿದ್ದಾರೆ. ಬರೆದವರಲ್ಲಿ ಅರ್ಧದಷ್ಟು ಜನ ಉತ್ತರಿಸಿಲ್ಲ. ಒತ್ತಕ್ಷರದ ಬರಹ ನೋಡಿ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಆ್ಯಪಿನ ಕನ್ನಡ ರಸೀದಿಯನ್ನು ಪರೀಕ್ಷಿಸಿ ಕೊಡಲು ಕೇಳಿದರು, ಇವರು ಮಾಡಿಕೊಟ್ಟರು. ಈಗ ಅಲ್ಲೊಂದು ಜಾಗ ಖಾಲಿಯಾಗಬಹುದಂತೆ, ಸಂಬಳ ಮಾತ್ರ ಸ್ವಲ್ಪ ಕಡಿಮೆ. ಮನೆಯಲ್ಲಿ ಇದನ್ನು ಹೇಗೆ ಹೇಳುವುದು ಎಂದು ಕೇಳಿದ್ದಾರೆ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.